ಮಲಗುವ ಮುನ್ನ ಕಾಲು ಗಂಟೆ

ಆತ್ಮಪರಿಶೋಧನೆ ಎಂದರೆ ಮುಗಿದ ದಿನವನ್ನು ದೇವರ ಮುಂದೆ ತಿರುಗಿ ನೋಡುವ ಪ್ರಾರ್ಥನೆ. ನಮ್ಮಲ್ಲಿ ಹಲವರಿಗೆ ಅದು ಪಾಪನಿವೇದನೆಯ, ಅಂದರೆ ಗುರುಗಳೆದುರು ಪಾಪ ಒಪ್ಪಿಕೊಳ್ಳುವುದರ, ತಯಾರಿ ಮಾತ್ರ. ಸುಳ್ಳು ಹೇಳಿದೆ, ಸಿಟ್ಟಾದೆ, ಜಪಸರ ತಪ್ಪಿಸಿದೆ. ಪಟ್ಟಿ ಮುಗಿಯಿತು, ದೀಪ ಆರಿತು. ಧ್ಯಾನಕೂಟದಿಂದ ಉಬ್ಬಿಕೊಂಡು ಮರಳಿದವರು ಎರಡೇ ವಾರದಲ್ಲಿ ಈ ಅಭ್ಯಾಸ ಕೈಬಿಡುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಇದರ ಐದು ಹೆಜ್ಜೆಗಳನ್ನು ಹೇಳಿಕೊಟ್ಟವರು ಮೊದಲು ಸ್ಪೇನಿನಲ್ಲಿ ಯೋಧರಾಗಿದ್ದ ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಗುಂಡು ತಗಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಅವರು ಒಂದು ಸಂಗತಿ ಗಮನಿಸಿದರು: ಶೌರ್ಯದ ಹಗಲುಗನಸು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು, ಸಂತರ ಬದುಕನ್ನು ನೆನೆದ ಮೇಲೆ ಹಿತ ಉಳಿಯುತ್ತಿತ್ತು. ಈ ಉಳಿಕೆಯ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಕುರ್ಚಿಯ ಮೇಲೆ ಕುಳಿತುಕೊಳ್ಳಿ. ಹಾಸಿಗೆ ಬೇಡವೇ ಬೇಡ, ಅಲ್ಲಿ ಗೆಲ್ಲುವುದು ನಿದ್ದೆ. ಸುವಾಸನೆಯ ಮೇಣದಬತ್ತಿಗೆ ದುಡ್ಡು ಸುರಿಯಬೇಡಿ. ನನಗಂತೂ ಅದರಿಂದ ಬಂದದ್ದು ಸೀನು ಮಾತ್ರ. ಕೊಳಲು ನುಡಿಸುತ್ತಾ ಪ್ರಶ್ನೆ ಕೇಳುವ ಮೊಬೈಲ್ ಆ್ಯಪ್‌ಗಳೂ ಬೇಡ. ಮೂರನೇ ದಿನಕ್ಕೆ ನೀವು ಕೇಳುವುದು ಕೊಳಲನ್ನೇ.

ಮೊದಲು ಕೃತಜ್ಞತೆ. ‘ಎಲ್ಲಕ್ಕೂ ಸ್ತೋತ್ರ’ ಎಂದು ಸಾರಿಸಿಬಿಡದೆ ಒಂದನ್ನು ಹೆಸರಿಸಿ: ಮಧ್ಯಾಹ್ನದ ಸಾರು, ಬಸ್ಸಿನಲ್ಲಿ ಸಿಕ್ಕ ಕಿಟಕಿ ಪಕ್ಕದ ಸೀಟು. ಎರಡನೆಯದು, ನಡೆದದ್ದನ್ನು ನಡೆದಂತೆ ಕಾಣುವ ಬೆಳಕನ್ನು ಬೇಡುವುದು. ಅದಕ್ಕೆ ಒಂದು ವಾಕ್ಯ ಸಾಕು.

ಕೆಡುವುದು ಮೂರನೆಯದರಲ್ಲಿ. ಎದ್ದ ಗಳಿಗೆಯಿಂದ ಈ ಹೊತ್ತಿನವರೆಗೆ ತಾಸು ತಾಸಾಗಿ ನೋಡಿ ಎನ್ನುತ್ತಾರೆ ಇಗ್ನೇಷಿಯಸ್. ಜನ ತೀರ್ಪಿನಿಂದಲೇ ಶುರು ಮಾಡುತ್ತಾರೆ, ಇಲ್ಲವೇ ಹತ್ತು ಗಂಟೆಯ ಮೀಟಿಂಗಿಗೆ ಬಂದು ನಾಳೆಯ ಮೀಟಿಂಗಿಗೆ ಜಾರುತ್ತಾರೆ. ಮೊದಲು ಸುಮ್ಮನೆ ದಿನವನ್ನು ನಡೆದು ಬನ್ನಿ: ಅಡುಗೆಮನೆ, ಬಸ್ ನಿಲ್ದಾಣ, ಕಚೇರಿಯ ಮೆಟ್ಟಿಲು. ಎಲ್ಲಿ ಮನಸ್ಸು ಮುಳ್ಳಿಗೆ ಸೆರಗು ಸಿಕ್ಕಂತೆ ಹಿಡಿಯುತ್ತದೋ ಅಲ್ಲಿ ನಿಲ್ಲಿ. ಮೊನ್ನೆ ನಾನು ಸಿಕ್ಕಿಕೊಂಡದ್ದು ಸಂಜೆ ನಾಲ್ಕಕ್ಕೆ. ಅಮ್ಮನ ಕರೆ ಬಂದಿತ್ತು; ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ್ದೆ. ‘ಅಮ್ಮನನ್ನು ಕಡೆಗಣಿಸಿದೆ’ ಎಂದು ಬರೆದುಕೊಂಡು ಮುಂದೆ ಹೋಗಬಹುದಿತ್ತು. ನಿಂತು ನೋಡಿದರೆ ಕಂಡದ್ದು ಬೇರೆ: ಮೇಜಿನ ಗುಂಯ್‌ಗುಡುವಿಕೆ ನಿಂತಾಗ ಎದೆಯಲ್ಲಿ ಆದ ಸಣ್ಣ ನಿರಾಳ, ಆಮೇಲೆ ರಾತ್ರಿಯವರೆಗೂ ಬಾಯಲ್ಲಿ ಉಳಿದ ಒಗರು. ಆ ನಿರಾಳ ಏಕೆ ಎಂದು ದೇವರನ್ನೇ ಕೇಳಿದೆ. ಅಮ್ಮ ಊರಿಗೆ ಯಾವಾಗ ಬರುತ್ತೀ ಎಂದು ಕೇಳುತ್ತಾರೆ, ನನ್ನ ಬಳಿ ಉತ್ತರವಿಲ್ಲ. ಅದು ಪಟ್ಟಿಯಲ್ಲಿ ಎಂದೂ ಬರುತ್ತಿರಲಿಲ್ಲ.

ಇಡೀ ದಿನ ಕೈಗೆ ಸಿಗದಿದ್ದರೆ ಚಿಂತೆಯಿಲ್ಲ, ಇಂಥ ಒಂದು ಗಳಿಗೆ ಸಾಕು. ಸಂತೋಷದ ಗಳಿಗೆಯಾದರೂ ಸರಿ. ಉಳಿದದ್ದೇನು ಎಂದು ನೋಡಿ.

ನಾಲ್ಕನೆಯದು ಕ್ಷಮೆ. ಕೇಳಿ, ಸಿಕ್ಕಿತೆಂದು ನಂಬಿ. ಮತ್ತೆ ಮತ್ತೆ ಕೆದಕುವುದು ಭಕ್ತಿಯಲ್ಲ. ಐದನೆಯದು ನಾಳೆಯ ನಿರ್ಧಾರ. ‘ಒಳ್ಳೆಯವನಾಗುತ್ತೇನೆ’ ಎಂಬುದು ನಿರ್ಧಾರವಲ್ಲ. ಬೆಳಿಗ್ಗೆ ಎಂಟರ ಬಸ್ ಹತ್ತುವ ಮೊದಲು ಅಮ್ಮನಿಗೆ ಕರೆ, ಉತ್ತರವಿರಲಿ ಬಿಡಲಿ.

ಯೇಸು ಕಲಿಸಿದ ಪ್ರಾರ್ಥನೆ, ಪರಲೋಕ ಮಂತ್ರ, ಹೇಳಿ ಎದ್ದುಬಿಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ಮಾಡಲು ಹೋಗಬೇಡಿ.