ಗಂಡಭೇರುಂಡಕ್ಕೆ ಎಷ್ಟು ಗರಿ ಬೇಕು?

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು 50 ವರ್ಷ ತುಂಬಿದ 2023ರಲ್ಲಿ ನಮ್ಮ ಬಡಾವಣೆಯ ಕನ್ನಡ ಸಂಘದವರು ನಗರ್ತಪೇಟೆಯ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ನಾನು ಅಚ್ಚು ಕೊರೆಯುವವನು. ಅಪ್ಪನಿಂದ ಬಂದ ಕಸುಬು. ಲಕ್ಷ್ಮಿ, ಗಣಪತಿಯ ಬೆಳ್ಳಿ ಬಿಲ್ಲೆಗಳೇ ನನಗೆ ಅನ್ನ ಹಾಕುವುದು. ಸಂಘಕ್ಕೆ ಬೇಕಿದ್ದದ್ದು ತಲಾ 20 ಗ್ರಾಂನ ಐವತ್ತು ಬೆಳ್ಳಿ ನಾಣ್ಯ.

ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಅವರು ಚಾಚಿದ ಹಾಳೆಯಲ್ಲಿ ರಾಜ್ಯ ಲಾಂಛನ ಇಡಿಯಾಗಿ ಇತ್ತು: ನಡುವೆ ಗಂಡಭೇರುಂಡ, ಅಕ್ಕಪಕ್ಕ ಆನೆಯ ಮೋರೆಯ ಶರಭಗಳು, ಮೇಲೆ ಅಶೋಕನ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’. ಸಾಲದೆಂದು ಹಿಂಬದಿಗೆ ಭುವನೇಶ್ವರಿ, ನಕ್ಷೆ, ‘ರೂ. 50’.

“ಮೇಷ್ಟ್ರೇ, ಇದನ್ನು ಹೀಗೇ ಹೊಡೆದುಕೊಟ್ಟರೆ ನೀವೂ ನಾನೂ ಠಾಣೆಗೆ ಹೋಗಬೇಕಾಗುತ್ತದೆ” ಎಂದೆ. ನಾಣ್ಯ ಟಂಕಿಸುವ ಹಕ್ಕು ಕೇಂದ್ರ ಸರ್ಕಾರದ್ದು. 2011ರ ನಾಣ್ಯ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಧಿಕೃತ ಲಾಂಛನಕ್ಕೂ ಸಿಂಹಕ್ಕೂ ಬೇರೆ ಕಾಯ್ದೆಗಳ ಕಾವಲಿದೆ. ನಾನು ಮಾಡಬಹುದಾದದ್ದು ಮುಖಬೆಲೆಯಿಲ್ಲದ ಪದಕ ಮಾತ್ರ. ಲಾಂಛನ ಬೇಡ, ಲಾಂಛನಕ್ಕಿಂತ ಹಳೆಯದಾದ ಹಕ್ಕಿಯೊಂದೇ ಸಾಕು ಎಂದು ಒಪ್ಪಿಸಲು ಎರಡು ಸಂಜೆ, ಆರು ಕಾಫಿ ಬೇಕಾದವು. ಬಳ್ಳಿಗಾವಿಯ ಕಂಬದ ಮೇಲೆ ಅದನ್ನು ಮನುಷ್ಯನ ಮೈಯೊಂದಿಗೆ 1047ರಲ್ಲೇ ನಿಲ್ಲಿಸಿದ್ದರು. ಸಾರಿಗೆ ನಿಗಮದ ಬಸ್ಸಿನ ಮೇಲೆ ನಾವೆಲ್ಲ ದಿನವೂ ಕಂಡೂ ಕಾಣದಂತೆ ಇರುವುದೂ ಅದೇ ಹಕ್ಕಿ.

ಬಿಲ್ಲೆಯ ಅಡ್ಡಗಲ 36 ಮಿಲಿಮೀಟರ್, ದಪ್ಪ ಎರಡಕ್ಕೂ ಕಡಿಮೆ. ನನ್ನ ಜಂಬ ನೋಡಿ, ಮೊದಲ ಚಿತ್ರದಲ್ಲಿ ರೆಕ್ಕೆಯೊಂದಕ್ಕೆ ಇಪ್ಪತ್ತೆರಡು ಗರಿ, ಗರಿಗೊಂದು ನಡುಗೆರೆ ಎಳೆದಿದ್ದೆ. ಕಾಗದದ ಮೇಲೆ ಮಯೂರದಂತಿತ್ತು. ಅದನ್ನೇ ಕೊರೆದು ಮೆತ್ತನೆಯ ಸೀಸದ ತುಂಡಿನ ಮೇಲೆ ಒತ್ತಿ ನೋಡಿದರೆ ಬಾಚಣಿಗೆ.

ಆಗ ನೆನಪಾದದ್ದು ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯ. ವರಹವೆಂದರೆ ಸುಮಾರು 3.4 ಗ್ರಾಂ, ಅಂಗಿಯ ಗುಂಡಿಯಷ್ಟು. ಅಷ್ಟರಲ್ಲೇ ಎರಡು ತಲೆ, ಎರಡು ಕೊಕ್ಕು, ಎರಡು ಕಾಲು, ಒಂದೊಂದರಲ್ಲೂ ನೇತಾಡುವ ಆನೆ! ಅದರ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಆ ಕಾಲದ ಕಂಚುಗಾರನೋ ಅಕ್ಕಸಾಲಿಗನೋ ಗರಿಯ ಗೋಜಿಗೇ ಹೋಗಿಲ್ಲ. ಆನೆಗೆ ಒಂದು ಬೆನ್ನಿನ ಉಬ್ಬು, ಒಂದು ಸೊಂಡಿಲಿನ ಗೀರು. ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ನನ್ನ ಗರಿಗಳನ್ನು ಏಳಕ್ಕೆ ಇಳಿಸಿದೆ. ಕೊಕ್ಕಿನ ಆನೆಗಳನ್ನು ಉಳಿಸಿಕೊಂಡೆ, ಕಾಲಿನವನ್ನು ಬಿಟ್ಟೆ. ಬಿಟ್ಟದ್ದಕ್ಕೆ ಈಗಲೂ ಸ್ವಲ್ಪ ನಾಚಿಕೆಯಿದೆ.

ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು. ಬೆಳ್ಳಿಯಲ್ಲಿ ಉಬ್ಬಬೇಕಾದದ್ದು ಉಕ್ಕಿನಲ್ಲಿ ಕುಳಿ. ಅಕ್ಷರ ಕನ್ನಡಿಯಲ್ಲಿ ಕಂಡಂತೆ. ಹಕ್ಕಿಯ ಒರಟು ಕೆಲಸವನ್ನು ಯಂತ್ರಕ್ಕೆ ಬಿಟ್ಟು ಅಕ್ಷರಗಳನ್ನು ಕೈಯಲ್ಲೇ ಕೊರೆದೆ. ‘ಕರ್ನಾಟಕ’ದ ಅರ್ಕಾವೊತ್ತು ತೊಂದರೆ ಕೊಡುತ್ತದೆಂದು ಮೈಯೆಲ್ಲ ಕಣ್ಣಾಗಿ ಕೂತಿದ್ದೆ. ಅದು ಸಲೀಸಾಗಿ ಬಂತು. ಕೈಕೊಟ್ಟದ್ದು ಅಂಕಿ. ‘೧೯೭೩’ರ ೧ಕ್ಕೆ ಇರುವ ಸಣ್ಣ ಬಾಯನ್ನು ಚಾಣ ಕೂದಲೆಳೆಯಷ್ಟು ಹೆಚ್ಚು ಓಡಿ ಮುಚ್ಚಿಬಿಟ್ಟಿತ್ತು. ಸೀಸದ ಮೇಲೆ ಮೂಡಿದ್ದು ‘೦೯೭೩’. ಉಕ್ಕಿನಿಂದ ತೆಗೆದದ್ದನ್ನು ಮತ್ತೆ ಅಂಟಿಸುವಂತಿಲ್ಲ. ಹದ ಹಾಕಿ ಉಕ್ಕನ್ನು ಗಟ್ಟಿಮಾಡುವ ಮೊದಲೇ ಕಂಡದ್ದು ಪುಣ್ಯ. ಮೇಲ್ಮೈ ಪೂರ್ತಿ ಉಜ್ಜಿ ತೆಗೆದು ಮೊದಲಿನಿಂದ ಕೊರೆದೆ. ನಾಲ್ಕು ದಿನ ಹೋಯಿತು.

ಒತ್ತಿಸಿದ್ದು ಪೀಣ್ಯದ 150 ಟನ್ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ. ಮೊದಲ ಬಿಲ್ಲೆಯಲ್ಲಿ ಹಕ್ಕಿಯ ಎದೆ ಚಪ್ಪಟೆ. ಕಾರಣ ನನ್ನದೇ: ಎದೆಯ ಬೆನ್ನಿಗೆ ಸರಿಯಾಗಿ ಹಿಂಬದಿಯಲ್ಲಿ ದಪ್ಪ ‘೫೦’ ಇಟ್ಟಿದ್ದೆ. ಎರಡೂ ಕಡೆಯ ಆಳವಾದ ಕುಳಿಗಳು ಒಂದೇ ಜಾಗದ ಬೆಳ್ಳಿಗೆ ಬಾಯಿ ಬಿಟ್ಟರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಹಿಂಬದಿಯ ಅಚ್ಚನ್ನು ಹೊಸದಾಗಿ ಮಾಡಿ ‘೫೦’ ಅನ್ನು ಅಂಚಿಗೆ ಸರಿಸಿದೆ. ಪ್ರತಿ ಬಿಲ್ಲೆಗೂ ಎರಡು ಒತ್ತು. ಒಮ್ಮೆ ಒತ್ತಿದ ಬೆಳ್ಳಿ ಬಿಗಿದುಕೊಳ್ಳುವುದರಿಂದ ನಡುವೆ ಮಂದಗೆಂಪು ಬರುವವರೆಗೆ ಕಾಯಿಸಿ ಮೆದುಮಾಡಬೇಕು. ಆ ಬಣ್ಣ ಗುರುತಿಸಲು ದೀಪ ಆರಿಸಿಯೇ ಕೆಲಸ ಮಾಡುತ್ತೇನೆ.

ಅಕ್ಟೋಬರ್ 30ರ ರಾತ್ರಿ ಮೇಷ್ಟ್ರು ಬಂದು ಭೂತಗನ್ನಡಿ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿದರು. ಗರಿಯ ವಿಚಾರ ಕೇಳಲೇ ಇಲ್ಲ. “ಇನ್ನೆರಡು ಆನೆ ಎಲ್ಲಿ?” ಎಂದರು. ಅವರಿಗೂ ಅಚ್ಯುತರಾಯ ಗೊತ್ತಿದ್ದ.

ಆ ‘೦೯೭೩’ರ ಸೀಸದ ತುಂಡನ್ನು ನೆನಪಿಗೆಂದು ಕೇಳಿದರು. ಕೊಡಲಿಲ್ಲ. ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರ ಕೈಗೆ ಚಾಣಕ್ಕಿಂತ ಮೊದಲು ಅದನ್ನು ಕೊಡುತ್ತೇನೆ, ತಪ್ಪು ಎಲ್ಲಿದೆ ಹುಡುಕು ಎಂದು.