ವಾಲ್ಟ್ಸ್‌ನಲ್ಲಿ ಮೂರನೇ ಎಣಿಕೆ ನೋಡಿ

ಶಾಲಾ ಮಕ್ಕಳನ್ನು ಬಾಲ್‌ರೂಮ್ ಜೋಡಿ ನೃತ್ಯದ ಸ್ಪರ್ಧೆಗೆ ತಯಾರು ಮಾಡುವವರಿಗೆ: ಮೂರು ಎಣಿಕೆಯ ವಾಲ್ಟ್ಸ್ ನೃತ್ಯದ ಬಾಕ್ಸ್ ಸ್ಟೆಪ್ (ನೆಲದ ಮೇಲೆ ಚೌಕ ಮೂಡುವಂತೆ ಇಡುವ ಮೂಲ ಹೆಜ್ಜೆ) ಹೆಚ್ಚಾಗಿ ಕೆಡುವುದು ಮೂರನೇ ಎಣಿಕೆಯಲ್ಲಿ. ಮುನ್ನಡೆಸುವ ಮಗು ಒಂದಕ್ಕೆ ಎಡಗಾಲು ಮುಂದಿಟ್ಟು, ಎರಡಕ್ಕೆ ಬಲಗಾಲು ಪಕ್ಕಕ್ಕಿಟ್ಟು, ಮೂರಕ್ಕೆ ಎಡಗಾಲನ್ನು ಅದರ ಪಕ್ಕ ಸೇರಿಸಿ ಮೈಭಾರ ಪೂರ್ತಿ ಎಡಗಾಲಿಗೆ ಹಾಕಬೇಕು. ಮಕ್ಕಳು ಕಾಲನ್ನು ಬರೀ ತಾಗಿಸಿ ಬಿಡುತ್ತಾರೆ. ಭಾರ ಬಲಗಾಲಲ್ಲೇ ಉಳಿದು ಮುಂದಿನ ಹೆಜ್ಜೆಗೆ ತಪ್ಪು ಕಾಲು ಏಳುತ್ತದೆ, ಜೊತೆಗಾರರ ಪಾದಕ್ಕೆ ಪೆಟ್ಟು. ಮೂರು ಎಂದಾಗ ಸಂಗೀತ ನಿಲ್ಲಿಸಿ ಬಲಗಾಲು ಎತ್ತಿಸಿ. ಓಲಾಡದೆ ಎತ್ತಿದರೆ ಸರಿಯಾಗಿದೆ.

ಸ್ಪರ್ಧೆಯ ವಾಲ್ಟ್ಸ್ ನಿಮಿಷಕ್ಕೆ 84ರಿಂದ 90 ಬೀಟ್. ನೀವು 70ರಲ್ಲಿ ಶುರುಮಾಡಿ, ಆತುರ ಬೇಡ. ಹಿಡಿತದ ರಬ್ಬರ್ ಅಟ್ಟೆಯ ಶೂ ಖಂಡಿತ ಬೇಡ, ತಿರುಗುವಾಗ ಪಾದ ನೆಲಕ್ಕೆ ಕಚ್ಚಿಕೊಂಡು ಮಂಡಿ ತಿರುಚುತ್ತದೆ.

ಜೋಡಿಗಳನ್ನೂ ಆಗಾಗ ಬದಲಿಸಿ. ನ್ಯೂಯಾರ್ಕ್ ಶಾಲೆಗಳಲ್ಲಿ 1994ರಲ್ಲಿ ಶುರುವಾದ ಬಾಲ್‌ರೂಮ್ ನೃತ್ಯ ಕಲಿಕೆಯ ಕಾರ್ಯಕ್ರಮ ಡ್ಯಾನ್ಸಿಂಗ್ ಕ್ಲಾಸ್‌ರೂಮ್ಸ್‌ನಲ್ಲೂ ಇದೇ ಪದ್ಧತಿ.