ಬಸಿರಿನಿಂದ ಹಾಲೂಡಿಸುವವರೆಗೆ: ಬದಲಾಗುವ ದೇಹವನ್ನು ನೋಡಿಕೊಳ್ಳುವ ಬಗೆ

ಗರ್ಭ ನಿಂತ ಮೊದಲ ವಾರಗಳಲ್ಲಿ ಹೊರಗೆ ಏನೂ ಕಾಣದಿದ್ದರೂ ದೇಹದೊಳಗಿನ ಸಿದ್ಧತೆ ಆಗಲೇ ಆರಂಭವಾಗಿರುತ್ತದೆ. ಸ್ತನಗಳು ಭಾರವಾಗಿ ನೋಯುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು, ಆಯಾಸ, ವಾಕರಿಕೆ ಇವೆಲ್ಲ ಬಹುಪಾಲು ಹಾರ್ಮೋನುಗಳ ಏರಿಕೆಯಿಂದ ಆಗುವಂಥವು. ವಾಕರಿಕೆ ಸಾಮಾನ್ಯವಾಗಿ 16ರಿಂದ 20ನೆಯ ವಾರದೊಳಗೆ ತಗ್ಗುತ್ತದೆ. ಅಲ್ಲಿಯವರೆಗೆ ಹೊಟ್ಟೆಯನ್ನು ಪೂರ್ತಿ ಖಾಲಿ ಬಿಡದೆ, ಒಂದೇ ಸಲಕ್ಕೆ ಹೆಚ್ಚು ತಿನ್ನದೆ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಆಹಾರ ತೆಗೆದುಕೊಳ್ಳುವುದು ಒಳ್ಳೆಯದು. ಕುಡಿದ ನೀರೂ ನಿಲ್ಲದಷ್ಟು ವಾಂತಿಯಾಗುತ್ತಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಅದನ್ನು ಸಹಿಸಿಕೊಂಡು ಕೂರದೆ ಚಿಕಿತ್ಸೆ ಪಡೆಯಬೇಕು.

ಹೊಟ್ಟೆ ಬೆಳೆಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ನಡೆಯುವುದು ರಕ್ತದಲ್ಲಿ. ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳಿಗಿಂತ ದ್ರವಾಂಶವೇ ಹೆಚ್ಚಾಗಿ ಬೆಳೆಯುವುದರಿಂದ ಹಿಮೋಗ್ಲೋಬಿನ್ ಮಟ್ಟ ಸ್ವಲ್ಪ ಇಳಿದಂತೆ ಕಾಣುವುದು ಸಹಜ. ಆದರೂ ಕಬ್ಬಿಣಾಂಶದ ಬೇಡಿಕೆ ನಿಜವಾಗಿಯೂ ಏರುವುದರಿಂದ, ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ತಪ್ಪದೆ ನುಂಗಬೇಕು. ಅವನ್ನು ಚಹಾ ಅಥವಾ ಕಾಫಿಯ ಜೊತೆಗೆ ತೆಗೆದುಕೊಳ್ಳಬಾರದು, ಏಕೆಂದರೆ ಆ ಪಾನೀಯಗಳು ಕಬ್ಬಿಣಾಂಶ ಹೀರಲ್ಪಡುವುದಕ್ಕೆ ಅಡ್ಡಿಯಾಗುತ್ತವೆ. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿಪಡಬೇಕಿಲ್ಲ. ತಿಂಗಳುಗಳು ತುಂಬುತ್ತ ಬಂದಂತೆ ಅಂಗಾತ ಮಲಗಿದಾಗ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ಆದ್ದರಿಂದ 28ನೆಯ ವಾರದ ನಂತರ ಎಡಕ್ಕೋ ಬಲಕ್ಕೋ ಮಗ್ಗುಲಾಗಿ ನಿದ್ರಿಸುವುದನ್ನು ರೂಢಿಸಿಕೊಳ್ಳಬೇಕು. ನಡುರಾತ್ರಿ ಎಚ್ಚರವಾದಾಗ ಅಂಗಾತವಾಗಿದ್ದರೆ ಚಿಂತಿಸದೆ ಮತ್ತೆ ಮಗ್ಗುಲು ಬದಲಿಸಿದರೆ ಸಾಕು.

ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶದ ಸ್ನಾಯುಗಳನ್ನು ಸಡಿಲಿಸಿ ಗರ್ಭವನ್ನು ಕಾಯುತ್ತದೆ. ಅದೇ ಸಡಿಲಿಕೆ ಜಠರ ಮತ್ತು ಕರುಳಿಗೂ ತಟ್ಟುವುದರಿಂದ ಎದೆಯುರಿ, ಮಲಬದ್ಧತೆಗಳು ಕಾಡುತ್ತವೆ. ಊಟವಾದ ಕೂಡಲೇ ಮಲಗದಿರುವುದು, ತಲೆಯ ಕಡೆ ಹಾಸಿಗೆಯನ್ನು ಸ್ವಲ್ಪ ಎತ್ತರಿಸುವುದು, ನಾರಿನಂಶ ಮತ್ತು ನೀರನ್ನು ಹೆಚ್ಚಿಸುವುದು ಇವುಗಳಿಂದ ಆರಾಮ ಸಿಗುತ್ತದೆ. ಹೊಟ್ಟೆಯ ನಡುವೆ ಕಪ್ಪು ಗೆರೆ ಮೂಡುವುದು ಮತ್ತು ಮುಖದ ಮೇಲೆ ಕಂದು ಛಾಯೆ ಬರುವುದು ನಿರಪಾಯಕರ. ಹೆರಿಗೆಯ ನಂತರ ಅವು ಬಹುಮಟ್ಟಿಗೆ ಮಾಸುತ್ತವೆ.

ಸಂಜೆಯ ಹೊತ್ತಿಗೆ ಪಾದಗಳು ಊದಿಕೊಂಡು, ಕಾಲುಗಳನ್ನು ಎತ್ತರಿಸಿಟ್ಟಾಗ ಇಳಿಯುವುದು ಸಾಮಾನ್ಯ. ಆದರೆ 20ನೆಯ ವಾರದ ನಂತರ ಮುಖ ಮತ್ತು ಕೈಗಳು ಹಠಾತ್ತನೆ ಊದಿಕೊಳ್ಳುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋಯುವುದು ರಕ್ತದೊತ್ತಡ ಅಪಾಯದ ಮಟ್ಟಕ್ಕೇರಿರುವುದರ ಸೂಚನೆಯಾಗಿರಬಹುದು. ಇಂತಹ ಸಂದರ್ಭದಲ್ಲಿ, ಹಾಗೆಯೇ ರಕ್ತಸ್ರಾವವಾದಾಗ ಅಥವಾ ಮಗುವಿನ ಚಲನೆ ಕಡಿಮೆಯಾದಾಗ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡದ ಈ ತೊಂದರೆ ಹೆರಿಗೆಯಾದ ಮೇಲೂ ಕಾಣಿಸಿಕೊಳ್ಳಬಹುದೆಂಬುದು ಹಲವು ಮನೆಗಳಲ್ಲಿ ತಿಳಿದಿರುವುದಿಲ್ಲ.

ಸ್ತನಗಳು ಹಾಲಿಗಾಗಿ ಅಣಿಯಾಗುವುದು ಬಸಿರಿನಲ್ಲೇ. ಮೊಲೆತೊಟ್ಟಿನ ಸುತ್ತಲಿನ ವೃತ್ತ ಅಗಲವಾಗಿ ಕಪ್ಪಾಗುತ್ತದೆ. ಅದರ ಮೇಲೆ ಏಳುವ ಸಣ್ಣ ಗುಳ್ಳೆಗಳಂತಹ ಗ್ರಂಥಿಗಳು ಚರ್ಮವನ್ನು ಜಿಡ್ಡಾಗಿಡುವುದರಿಂದ ತೊಟ್ಟನ್ನು ಸಾಬೂನಿನಿಂದ ಉಜ್ಜಬಾರದು. ಬಸಿರಿನ ನಡುಗಾಲಕ್ಕೆ ಗಿಣ್ಣುಹಾಲು ತಯಾರಾಗಿರುತ್ತದೆ, ಆದರೆ ಹೆಚ್ಚಿನ ಉತ್ಪತ್ತಿಯನ್ನು ಪ್ರೊಜೆಸ್ಟರಾನ್ ತಡೆಹಿಡಿದಿರುತ್ತದೆ. ಹೆರಿಗೆಯಲ್ಲಿ ಮಾಸು ಹೊರಬಿದ್ದೊಡನೆ ಆ ತಡೆ ಕಳಚಿ, ಎರಡರಿಂದ ನಾಲ್ಕು ದಿನಗಳಲ್ಲಿ ಹಾಲು ಇಳಿಯುತ್ತದೆ. ಈ ನಡುವಿನ ದಿನಗಳಲ್ಲಿ ‘ಹಾಲೇ ಬಂದಿಲ್ಲ’ ಎಂದು ಬೇರೆ ಹಾಲಿನ ಮೊರೆ ಹೋಗುವುದೇ ಮುಂದಿನ ಕೊರತೆಗೆ ಹಲವು ಸಲ ದಾರಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಿ, ದಿನ ಮತ್ತು ರಾತ್ರಿ ಸೇರಿ 8ರಿಂದ 12 ಬಾರಿ ಊಡಿಸಬೇಕು. ಮಗು ಚೀಪಿ ಹಾಲು ತೆಗೆದಷ್ಟೂ ಉತ್ಪತ್ತಿ ಹೆಚ್ಚುತ್ತದೆ, ಒಳಗೇ ಉಳಿದರೆ ಕುಗ್ಗುತ್ತದೆ. ಕೆಲವು ವಾರಗಳ ಬಳಿಕ ಸ್ತನಗಳು ಮೊದಲಿನಂತೆ ಬಿಗಿಯಾಗದೆ ಮೆತ್ತಗಾಗುವುದು ಬೇಡಿಕೆಗೆ ದೇಹ ಹೊಂದಿಕೊಂಡಿರುವುದರ ಗುರುತೇ ಹೊರತು ಹಾಲು ಬತ್ತಿರುವುದರ ಗುರುತಲ್ಲ. ಹಾಲು ಸಾಲುತ್ತಿದೆಯೇ ಎಂಬುದನ್ನು ಮಗುವನ್ನು ನೋಡಿಯೇ ಅರಿಯಬೇಕು: ಐದನೆಯ ದಿನದ ನಂತರ ದಿನಕ್ಕೆ ಕನಿಷ್ಠ ಆರು ಬಾರಿ ಮೂತ್ರ ಮಾಡುತ್ತಿರಬೇಕು, ಸುಮಾರು ಎರಡು ವಾರಗಳಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳಿರಬೇಕು. ತೊಟ್ಟು ಬಿರಿದು ನೋಯುತ್ತಿದ್ದರೆ ಮಗು ತುದಿಯನ್ನಷ್ಟೇ ಚೀಪುತ್ತಿರುವ ಸಾಧ್ಯತೆ ಹೆಚ್ಚು. ಬಾಯಿ ಅಗಲವಾಗಿ ತೆರೆದಾಗ ವೃತ್ತದ ಭಾಗವೂ ಒಳಹೋಗುವಂತೆ ಮತ್ತೆ ಹಚ್ಚಬೇಕು. ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ವೈದ್ಯರಿಗೆ ತೋರಿಸಬೇಕು, ಆದರೆ ಊಡಿಸುವುದನ್ನು ನಿಲ್ಲಿಸಬಾರದು.

ಹಾಲೂಡಿಸುವಾಗ ಮೊದಲ ದಿನಗಳಲ್ಲಿ ಕಿಬ್ಬೊಟ್ಟೆ ಹಿಂಡಿದಂತಾಗುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಕುಗ್ಗಿಸುತ್ತಿರುವುದರಿಂದ. ಅದು ಹಳೆಯ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಹೆರಿಗೆಯ ನಂತರದ ಸ್ರಾವ ಕೆಂಪಿನಿಂದ ಕಂದಿಗೆ, ಮತ್ತೆ ಬಿಳಿಗೆ ತಿರುಗುತ್ತ ನಿಲ್ಲುತ್ತದೆ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ, ಜ್ವರದೊಂದಿಗೆ ಸ್ರಾವ ನಾರುತ್ತಿದ್ದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಡಮಾಡಬಾರದು. ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದಕ್ಕೂ ಮೀರಿ ದುಗುಡ ಮುಂದುವರಿದರೆ ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ, ತಾಯಿಯ ದೌರ್ಬಲ್ಯವಲ್ಲ. ಮೂರನೆಯ ತಿಂಗಳ ಸುಮಾರಿಗೆ ಕೂದಲು ಉದುರುವುದಕ್ಕೆ ಎದೆಹಾಲನ್ನು ದೂರಬಾರದು, ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದುದರ ಪರಿಣಾಮವದು.

ಹಾಲಿನ ಉತ್ಪತ್ತಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕಾಗುವುದರಿಂದ ತೂಕ ಇಳಿಸುವ ಅವಸರದಲ್ಲಿ ಊಟ ಬಿಡುವುದು ಸರಿಯಲ್ಲ. ಮುಟ್ಟು ಮರಳಿಲ್ಲವೆಂಬುದೊಂದನ್ನೇ ನಂಬಿ ಗರ್ಭ ನಿಲ್ಲದೆಂದು ಭಾವಿಸುವುದೂ ಅಪಾಯಕಾರಿ. ಮಗುವಿಗೆ ಆರು ತಿಂಗಳು ತುಂಬಿರದೆ, ಹಗಲೂ ರಾತ್ರಿಯೂ ಎದೆಹಾಲನ್ನು ಮಾತ್ರ ಕೊಡುತ್ತಿದ್ದು, ಮುಟ್ಟೂ ಬಂದಿರದಿದ್ದರೆ ಮಾತ್ರ ಆ ರಕ್ಷಣೆ ನೆಚ್ಚುವಷ್ಟಿರುತ್ತದೆ. ಹಾಲು ಬಿಡಿಸುವ ಕಾಲ ಬಂದಾಗ ಒಮ್ಮೆಲೇ ನಿಲ್ಲಿಸದೆ, ಕೆಲವು ದಿನಗಳಿಗೊಮ್ಮೆ ಒಂದೊಂದು ಹೊತ್ತಿನ ಹಾಲನ್ನು ಕಡಿಮೆ ಮಾಡುತ್ತ ಬಂದರೆ ಎದೆ ಕಟ್ಟಿಕೊಳ್ಳುವುದಿಲ್ಲ, ಹಾಲೂಡಿಸುವ ಅವಧಿಯಲ್ಲಿ ಮೂಳೆಗಳಿಂದ ಹೋದ ಕ್ಯಾಲ್ಸಿಯಂ ಸಹ ಮುಂದಿನ ತಿಂಗಳುಗಳಲ್ಲಿ ಮರಳಿ ಸೇರಿಕೊಳ್ಳುತ್ತದೆ.